ಎರಡು ಗುಳಿಗಿ

ಮುಂಜಾನೆ ಅಪ್ಪ ದಾಡಿ ಮಾಡ್ಕೊಳ್ಳುವಾಗ ಗದ್ದ ಕೊಯ್ಕೊಂಡ್ರು. ಸಣ್ಣ ಗೆರಿ ಅಷ್ಟ. ಹತ್ತು ನಿಮಿಷ ಟವೆಲ್ ಒತ್ತಿದ್ರೂ ರಕ್ತ ಜಿನುಗತಾನ ಇತ್ತು.

"ಎರಡು ದಿನದಿಂದ ಆಸ್ಪಿರಿನ್ ತಗೊಂಡೇ ಇಲ್ಲೋ, ಆದ್ರೂ ಯಾಕ ನಿಲ್ಲವಲ್ದು?"

ಎದಿ ಧಸಕ್ ಅಂತು. ಹೃದಯದ ರಕ್ತನಾಳ ತೆರೆದಿಡಾಕ ಸ್ಟೆಂಟ್ ಅನ್ನೂ ಸಣ್ಣ ಜಾಳಿಗಿ ಕೊಳವಿ ಹಾಕಿದ ಮನುಷ್ಯಾ; ಗುಳಿಗಿ ಬಿಟ್ರ ಅದರಾಗ ರಕ್ತ ಹೆಪ್ಪುಗಟ್ಟಬಹುದು.

ಗುಳಿಗಿ ರಕ್ತದಾಗ ಇರೂದು ಕೆಲವೇ ತಾಸು. ಆದ್ರ ಅದು ಮುಟ್ಟಿದ, ರಕ್ತ ಹೆಪ್ಪುಗಟ್ಟಿಸೂ ಸಣ್ಣ ಕಣ ಅನ್ನೂ ಪ್ಲೇಟ್‌ಲೆಟ್ಟಿನ ಒಂದು ಕಿಣ್ವ ಕಾಯಂ ಕೆಡತೈತಿ. ಹೊಸಾದು ಮಾಡ್ಕೊಳ್ಳಾಕ ಪಾಪ, ಅದಕ್ಕ ನ್ಯೂಕ್ಲಿಯಸ್ಸೇ ಇಲ್ಲ. ಸಾಯೂತನಕ, ಅಂದ್ರ 7ರಿಂದ 10 ದಿನ, ಹಂಗ ತಿರಗತೈತಿ. ಎಲುಬಿನ ಮಜ್ಜೆಯಿಂದ ದಿನಾ ಒಂದಿಷ್ಟು ಹೊಸಾವು ಬರಬೇಕು. ಅಪ್ಪನ ಇನ್ನೊಂದು ಗುಳಿಗಿ ಕ್ಲೋಪಿಡೋಗ್ರೆಲ್ ಕೆಡಸೂ ಜಾಗಾ ಬ್ಯಾರೆ, ಕಥಿ ಇದೇ.

"ಅಪ್ಪಾ, ಡಾಕ್ಟರನ್ನ ಕೇಳಲಾರ್ದ ಬಿಡಬ್ಯಾಡ್ರಿ."

ಏನೂ ಅನ್ನಲಿಲ್ಲ. ಗದ್ದಕ್ಕ ಹತ್ತಿ ಹಚ್ಕೊಂಡೇ ಗುಳಿಗಿ ನುಂಗಿ, ಗೋಳಗುಮ್ಮಟದ ಕಡೆ ವಾಕಿಂಗ್ ಹೊಂಟ್ರು.