ಟ್ಯಾಂಕರ್ ತೊಳೆದ ಬೀದಿಗೆ ಒಂದು ಚೊಂಬು ನೀರು

ಚೈತ್ರ ಹುಣ್ಣಿಮೆಯ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗುವುದಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ, ಅಂದರೆ ದ್ರೌಪದಿ ತಾಯಿಯೇ ಅಂತ ನಾವು ನಂಬುವ ಹೂವಿನ ಕಳಶ, ಹೊರಟರೆ ಬೆಂಗಳೂರಿನ ಹಳೇ ಪೇಟೆಗಳನ್ನೆಲ್ಲ ಸುತ್ತಿ ಬರುತ್ತದೆ. ನಮ್ಮ ಹತ್ತಿರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಲಾಗದು. ಸುಮ್ನೆ ಕಾಯಬೇಕು. ನನಗೆ ಆ ಕಾಯುವುದೇ ಅರ್ಧ ಪೂಜೆ.

ನಾನು ಚಿಕ್ಕವನಿದ್ದಾಗ ಅವತ್ತು ಬೀದಿ ತೊಳೆಯುವುದು ಗಲ್ಲಿಯ ಹೆಂಗಸರ ಕೆಲಸ. ತಾಯಿ ಕಾಲಿಡುವ ಜಾಗ ಅಂತ ಅಜ್ಜಿ ಮೋರಿಯ ಅಂಚನ್ನೂ ಬಿಡದೆ ಪೊರಕೆಯಿಂದ ಉಜ್ಜುತ್ತಿದ್ದರು. ಗಂಡಸರು ಚಂದಾ ಎತ್ತಿ ಸೀರಿಯಲ್ ಸೆಟ್ ಕಟ್ಟುತ್ತಿದ್ದರು. ನಮಗೆ, ಹುಡುಗರಿಗೆ, ಪಾನಕದ ಲೋಟ ತೊಳೆಯುವುದು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಈಗ ಟ್ಯಾಂಕರ್ ಬರುತ್ತದೆ. ದೀಪ, ಬ್ಯಾರಿಕೇಡ್, ಗುಂಡಿ ಮುಚ್ಚುವುದು, ಎಲ್ಲವೂ ಊರಿನ ಆಡಳಿತದ ಕೈಗೆ ಹೋಗಿದೆ. ತಪ್ಪು ಅನ್ನಲಾರೆ. ಇಷ್ಟು ಜನ ಸೇರುವಾಗ ಗಲ್ಲಿಯವರಿಂದ ಎಲ್ಲ ಆಗುವುದಿಲ್ಲ, ಅಲ್ವಾ? ಆದರೂ ಟ್ಯಾಂಕರ್ ಬಂದ ಮೊದಲ ವರ್ಷ ಅಜ್ಜಿ ತುಂಬಿದ ಕೊಡ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. "ಇನ್ನು ನಮಗೇನು ಕೆಲಸ?" ಅಂದರು. ಆ ಮಾತು ಎಷ್ಟೋ ದಿನ ನನ್ನನ್ನು ಕೊರೆಯುತ್ತಿತ್ತು.

ಈ ಊರು ತಾಯಿಯಿಂದ ಒಂದು ಕೆರೆಯನ್ನೇ ತೆಗೆದುಕೊಂಡಿದೆ. ಹುಣ್ಣಿಮೆಗೆ ಮೊದಲು ನೀರಿನ ಹತ್ತಿರ ಮಾಡುವ ಹಸಿ ಕರಗದ ಪೂಜೆ ನಡೆಯುತ್ತಿದ್ದ ಸಂಪಂಗಿ ಕೆರೆಯ ಜಾಗದಲ್ಲಿ ಇವತ್ತು ಕಂಠೀರವ ಕ್ರೀಡಾಂಗಣವಿದೆ. ಕರಗಕ್ಕೆ ಅಂತ ಒಂದು ಪುಟ್ಟ ಕೊಳ ಉಳಿಸಿದ್ದಾರೆ. ಅಷ್ಟು ದೊಡ್ಡ ಕೆರೆ ಏನಾಯಿತು ಅಂತ ಅವಳು ಮುನಿಸಿಕೊಳ್ಳಲಿಲ್ಲ. ಇದ್ದಷ್ಟು ನೀರಿನ ಹತ್ತಿರಕ್ಕೇ ಬರುತ್ತಾಳೆ. ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಊರು ನಡೆಸುವವರೂ ಬದಲಾಗುತ್ತಲೇ ಇದ್ದಾರೆ. 1862ರಲ್ಲಿ ಮುನಿಸಿಪಾಲಿಟಿ, 1949ರಲ್ಲಿ ಕಾರ್ಪೊರೇಷನ್, 2007ರಲ್ಲಿ ಬಿಬಿಎಂಪಿ. 2025ರಲ್ಲಿ ಅದೂ ಹೋಗಿ ಐದು ಪಾಲಿಕೆಗಳಾದವು. ತಾಯಿಯ ಮಾತು ಮಾತ್ರ ಬದಲಾಗಿಲ್ಲ. ದ್ರೌಪದಿ ತಾಯಿ ತಿಮಿರಾಸುರನನ್ನು ಕೊಂದು ಹೊರಟಾಗ, ಹೋಗಬೇಡಮ್ಮ ಅಂತ ಅವಳ ಪಡೆಯ ವೀರಕುಮಾರರು ಬೇಡಿಕೊಂಡರಂತೆ. ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಅವಳು ಮಾತು ಕೊಟ್ಟಳು. ಆ ಮಾತು ಕರಗ ನಡೆಸುವ ತಿಗಳ ಸಮುದಾಯದ ಮನೆಗಳಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಕರಗ ಹೊರುವವರು ಮನೆ ಬಿಟ್ಟು ಗುಡಿಯಲ್ಲಿರುತ್ತಾರೆ. ಸೀರೆ ಉಟ್ಟು, ಬಳೆ ತೊಟ್ಟು, ತಲೆ ಮೇಲೆ ಮಲ್ಲಿಗೆಯ ಗೋಪುರ ಹೊತ್ತು ಬರುತ್ತಾರೆ. ಕೈಯಿಂದ ಅದನ್ನು ಮುಟ್ಟುವಂತಿಲ್ಲ. ಸುತ್ತ ಕತ್ತಿ ಹಿಡಿದ ಇಂದಿನ ವೀರಕುಮಾರರು. ಈ ವ್ರತಕ್ಕೆ ಟೆಂಡರ್ ಕರೆಯಲಾಗುವುದಿಲ್ಲ.

2020ರಲ್ಲಿ, 2021ರಲ್ಲಿ ಕೋವಿಡ್‌ನಿಂದ ಕರಗ ಬೀದಿಗೆ ಬರಲಿಲ್ಲ. ದೀಪವಿಲ್ಲ, ಜನರಿಲ್ಲ. ಗುಡಿಯೊಳಗೆ ಕೆಲವೇ ಜನರ ನಡುವೆ ನಡೆಯಿತು. ನಾವು ಮನೆಯಲ್ಲೇ ದೀಪ ಹಚ್ಚಿ ಕೂತಿದ್ದೆವು. ಅವಳು ಬಂದಿದ್ದಾಳೆ ಅನ್ನುವುದರಲ್ಲಿ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

ಅಜ್ಜಿಯ ವಿಷಯ ಪೂರ್ತಿ ಹೇಳಲಿಲ್ಲ. ಮರುವರ್ಷ ಟ್ಯಾಂಕರ್ ಹೋದ ಮೇಲೆ ಅವರು ಒಳಗಿಂದ ಒಂದು ಚೊಂಬು ನೀರು ತಂದರು. ಅದರಲ್ಲಿ ಎರಡು ಎಸಳು ಮಲ್ಲಿಗೆ, ಚಿಟಿಕೆ ಅರಿಶಿನ. ಆಗಲೇ ತೊಳೆದಿದ್ದ ನೆಲಕ್ಕೆ ಬಗ್ಗಿ, ನಿಧಾನವಾಗಿ ಸುರಿದರು. ಅಜ್ಜಿ ಹೋದ ಮೇಲೆ ಆ ಚೊಂಬು ನನ್ನ ಕೈಗೆ ಬಂದಿದೆ.

ಹೋದ ಸಲ ಕರಗ ನಮ್ಮ ಗಲ್ಲಿ ದಾಟಿದಾಗ ಬೆಳಗಾಗುತ್ತಾ ಬಂದಿತ್ತು. "ಗೋವಿಂದಾ, ಗೋವಿಂದಾ" ಇನ್ನೂ ದೂರದಿಂದ ಕೇಳುತ್ತಿತ್ತು. ಬೀದಿ ತುಂಬಾ ಮಲ್ಲಿಗೆ. ಗುಡಿಸಲು ಬಂದ ಪೌರಕಾರ್ಮಿಕ ತಾಯಿಯೊಬ್ಬರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಬಗ್ಗಿ ಒಂದು ಹಿಡಿ ಹೂ ಆರಿಸಿಕೊಂಡು ಕಣ್ಣಿಗೊತ್ತಿಕೊಂಡರು. ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡ ಮೇಲೇ ಪೊರಕೆ ಎತ್ತಿಕೊಂಡರು. ನಾನೂ ಒಳಗಿಂದ ಪೊರಕೆ ತಂದು ಆಚೆ ತುದಿಯಿಂದ ಗುಡಿಸತೊಡಗಿದೆ.