ಪಾಡ್ಯದ ದಿನ ಪೂರ್ತಿ ಪ್ಲೇಟು

ಇಂದಿರಾ ಕ್ಯಾಂಟೀನ್ ಬಿಲ್ ನನ್ನ ಟೇಬಲ್‌ಗೆ ಬಂದರೆ ಮೊದಲು ನೋಡೋದು ಹಬ್ಬದ ದಿನಗಳನ್ನು. ಕಳ್ಳ ಲೆಕ್ಕ ಬರೆಯುವವನು ಭಾನುವಾರವನ್ನು ನೆನಪಿಟ್ಟುಕೊಳ್ಳುತ್ತಾನೆ, ಹಬ್ಬ ಮರೆಯುತ್ತಾನೆ. ಆ ಸಲ ದೀಪಾವಳಿ ಪಾಡ್ಯದ ದಿನ ಮೂರೂ ಹೊತ್ತು ಪೂರ್ತಿ ಪ್ಲೇಟು ಬರೆದಿದ್ದರು. ಅವತ್ತು ಮಾರ್ಕೆಟ್ ಬಂದ್, ಹಮಾಲರೆಲ್ಲ ಹಳ್ಳಿಗೆ ಹೋಗಿದ್ದರು. ಮನೆಯ ಹೋಳಿಗೆ ಬಿಟ್ಟು ಇಲ್ಲಿ ಅನ್ನ ಸಾಂಬಾರ್ ತಿನ್ನೋಕೆ ಯಾರು ಬಂದಿದ್ದರಪ್ಪಾ?

ನಮ್ಮದು ದಾವಣಗೆರೆ ಜಿಲ್ಲೆಯ ಒಂದು ಸ್ಥಳೀಯ ಸಂಸ್ಥೆ. ಊರಿನ ಹೆಸರು ಬೇಡ, ನಾನಿನ್ನೂ ಸರ್ವೀಸ್‌ನಲ್ಲಿದ್ದೇನೆ. ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಶುರುವಾಗಿ ಆಮೇಲೆ ನಮ್ಮಂಥ ಊರುಗಳಿಗೂ ಬಂತು. ತಿಂಡಿಗೆ 5 ರೂಪಾಯಿ, ಮಧ್ಯಾಹ್ನಕ್ಕೆ 10, ರಾತ್ರಿಗೆ 10. ಮೂರು ಹೊತ್ತು ತಿಂದವನು ಕೊಡೋದು 25. ಟೆಂಡರ್ ದರದಲ್ಲಿ ಅದನ್ನು ಕಳೆದು ಉಳಿದದ್ದು ಸರ್ಕಾರದ ಪಾಲು, ನಮ್ಮ ಪಾಲು. ಸರ್ಕಾರದ್ದು ಬಂದಾಗ ಬರುತ್ತೆ. ನಮ್ಮದು ಸ್ವಂತ ನಿಧಿಯಿಂದ ಹೋಗಬೇಕು: ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇರುವುದರಿಂದ ತೆರಿಗೆ ಕಟ್ಟುವ ಮನಸ್ಸಿದ್ದವರು ಆಗಲೇ ಕಟ್ಟಿಬಿಡುತ್ತಾರೆ. ಕ್ಯಾಂಟೀನ್‌ಗೆ ಜನ ಮುಗಿಬೀಳೋದು ಮಾತ್ರ ದಸರಾ ಕಳೆದ ಮೇಲೆ, ಮೆಕ್ಕೆಜೋಳ ಬರೋಕೆ ಶುರುವಾದಾಗ. ಅಷ್ಟೊತ್ತಿಗೆ ಹೊರಗುತ್ತಿಗೆ ಸಂಬಳ, ಕರೆಂಟ್ ಬಿಲ್ ಕಳೆದು ಖಾತೆಯಲ್ಲಿ ಉಳಿದಿರೋದು ಅಷ್ಟಕ್ಕಷ್ಟೆ. ಪ್ರತಿ ವರ್ಷ ಇದೇ ಕಥೆ. ಬಜೆಟ್ ಮೀಟಿಂಗ್‌ನಲ್ಲಿ ಇದನ್ನು ಹೇಳಿದರೆ "ಆಯ್ತು ನೋಡೋಣ ಬಿಡ್ರೀ ಮೇಡಂ" ಅನ್ನುತ್ತಾರೆ.

ಹೀಗಾಗಿ ಕ್ಯಾಂಟೀನ್ ನಡೆಸುವ ಗುತ್ತಿಗೆದಾರನಿಗೆ ಹಿಂದಿನ ತಿಂಗಳುಗಳದ್ದೇ ಬಾಕಿ ಇತ್ತು. ಅದರ ಮೇಲೆ ಈ ಬಿಲ್ಲು. ಪಾಡ್ಯದ ಲೆಕ್ಕ ನೋಡಿದ ಮೇಲೆ ಸುಮ್ನೆ ಬಿಡೋಕಾಗುತ್ತಾ? ಟೋಕನ್ ಮಷಿನ್ ರಿಪೋರ್ಟ್ ತರಿಸಿದೆ. ರಿಜಿಸ್ಟರ್‌ನಲ್ಲಿ ಜಾಸ್ತಿ, ಮಷಿನ್‌ನಲ್ಲಿ ಕಡಿಮೆ. ಪಾಡ್ಯ ಒಂದೇ ಅಲ್ಲ, ತಿಂಗಳ ಕೊನೆಯ ದಿನಗಳೆಲ್ಲ ಹಾಗೇ. ಸಿಕ್ಕಿಬಿದ್ದ ಅಂದುಕೊಂಡೆ. ಖುಷಿಯೂ ಆಯ್ತು, ಇಲ್ಲ ಅನ್ನಲ್ಲ. ಹೆಲ್ತ್ ಇನ್ಸ್‌ಪೆಕ್ಟರ್ ದೃಢೀಕರಣ ಇದ್ದರೂ, ವ್ಯತ್ಯಾಸಕ್ಕೆ ಸಮಜಾಯಿಷಿ ಬರುವವರೆಗೆ ಇಡೀ ಬಿಲ್ ತಡೆಹಿಡಿಯುವಂತೆ ಟಿಪ್ಪಣಿ ಮಂಡಿಸಿದೆ. ಸಾಹೇಬರು ಕೂತಲ್ಲೇ ಸಹಿ ಹಾಕಿದರು. ದುಡ್ಡಿಲ್ಲದ ಕಾಲದಲ್ಲಿ ತಡೆಹಿಡಿಯುವ ಕಡತಕ್ಕೆ ಸಹಿ ಬಹಳ ಬೇಗ ಬೀಳುತ್ತೆ.

ಮೊದಲು ರಾತ್ರಿ ಊಟ ನಿಂತಿತು. ನಮಗೆ ಯಾರೂ ಹೇಳಲಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಹಮಾಲರು ಜಾಸ್ತಿ ಕಾಣ್ತಿದ್ದಾರೆ ಅಂತ ನಮ್ಮ ಅಟೆಂಡರ್ ಅಂದಾಗಲೂ ನನಗೆ ಹೊಳೆಯಲಿಲ್ಲ. ಮಂಡಕ್ಕಿ ಮಿರ್ಚಿಗೆ 10 ರೂಪಾಯಿ ಸಾಲುತ್ತಾ?

ಆಮೇಲೆ ಒಂದು ಮಧ್ಯಾಹ್ನ ಹೆಲ್ತ್ ಇನ್ಸ್‌ಪೆಕ್ಟರ್ ಫೋನ್ ಬಂತು. "ಮೇಡಂ, ಕ್ಯಾಂಟೀನ್ ಹತ್ರ ಬರ್ರಿ. ಬೇರೆ ಯಾರನ್ನೂ ಕಳಿಸಬ್ಯಾಡ್ರಿ, ನೀವೇ ಬರ್ರಿ."

ಹೋದೆ. ಶಟರ್ ಅರ್ಧ ಇಳಿದಿತ್ತು. ಸಾಲು ರಸ್ತೆವರೆಗೆ ಬಂದಿತ್ತು. ತಲೆ ಮೇಲೆ ಗೋಣಿಚೀಲ ಹಾಗೇ ಹೊದ್ದುಕೊಂಡು ಬಂದವರು, ಮೈಯೆಲ್ಲ ಜೋಳದ ಧೂಳು. ಮುಂದಿದ್ದ ಒಬ್ಬ ಹತ್ತು ರೂಪಾಯಿ ನಾಣ್ಯದಿಂದ ಕೌಂಟರ್‌ನ ಸ್ಟೀಲ್ ತಗಡು ಬಡಿಯುತ್ತಲೇ ಇದ್ದ. ಟಕ್ ಟಕ್ ಟಕ್. ಬಯ್ಯುತ್ತಿರಲಿಲ್ಲ, ಬರೀ ಬಡಿಯುತ್ತಿದ್ದ. ವಯಸ್ಸಾದ ಒಬ್ಬರು ನನ್ನ ಕೊರಳಲ್ಲಿದ್ದ ಐಡಿ ಕಾರ್ಡ್ ನೋಡಿ, "ಬಿಲ್ ಹಿಡ್ದೋರು ನೀವೇ ಏನಮ್ಮಾ?" ಅಂದರು. ಯಾರೋ ಹೇಳಿಬಿಟ್ಟಿದ್ದರು. ನಿಯಮ ಹೇಳೋಣ ಅಂತ ಬಾಯಿ ತೆಗೆದೆ. ಮಷಿನ್ ಲೆಕ್ಕ, ರಿಜಿಸ್ಟರ್ ಲೆಕ್ಕ, ವ್ಯತ್ಯಾಸ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಈಗ ಊಟ ಐತೋ ಇಲ್ಲೋ?" ಅಂದರು.

ಒಳಗೆ ಅನ್ನ ಆಗಿತ್ತು, ಸಾಂಬಾರ್ ಆಗಿರಲಿಲ್ಲ. ಬಾಕಿ ತೀರಿಸದೆ ಸಿಲಿಂಡರ್ ಇಳಿಸಲ್ಲ ಅಂತ ಗ್ಯಾಸ್‌ನವನು ವಾಪಸ್ ಹೋಗಿದ್ದ. ಗುತ್ತಿಗೆದಾರನ ಫೋನ್ ಸ್ವಿಚ್ ಆಫ್. ಹೆಲ್ತ್ ಇನ್ಸ್‌ಪೆಕ್ಟರ್ ಪಕ್ಕದ ಖಾನಾವಳಿಯಿಂದ ತನ್ನ ಮಾತಿನ ಮೇಲೆ ಒಂದು ಸಿಲಿಂಡರ್ ತರಿಸಿದರು. ಸಾಂಬಾರ್ ಕುದಿಯುವವರೆಗೆ ನನಗೆ ಅಲ್ಲೇನೂ ಕೆಲಸ ಇರಲಿಲ್ಲ. ಟೋಕನ್ ಕೊಡುವ ಹುಡುಗಿಯ ಪಕ್ಕ ನಿಂತೆ.

ಮಷಿನ್‌ನಲ್ಲಿ ರೋಲ್ ಇರಲಿಲ್ಲ. ಪಕ್ಕದಲ್ಲಿ ಗುಲಾಬಿ ಗೀಟು ಬಿದ್ದ ಕೊನೆಯ ತುಂಡು ಬಿದ್ದಿತ್ತು. ಹುಡುಗಿ ಹಳೇ ನೋಟ್‌ಬುಕ್ ಹಾಳೆ ಹರಿದು, ಒಂದೊಂದು ಚೀಟಿಗೂ ಸೀಲ್ ಒತ್ತಿ, ಬಾಲ್‌ಪೆನ್‌ನಲ್ಲಿ ತಾರೀಖು ಬರೆದು ಕೊಡುತ್ತಿದ್ದಳು. ರಿಜಿಸ್ಟರ್‌ನಲ್ಲಿ ಐದೈದು ಗೀಟು.

"ರೋಲ್‌ಗೆ ಇಂಡೆಂಟ್ ಹಾಕಿ ತಿಂಗಳಾಯ್ತು ಮೇಡಂ. ನಿಮ್ಮ ಆಫೀಸಿಂದಾನೇ ಬರ್ಬೇಕು."

ಇಂಡೆಂಟ್ ನಮ್ಮ ಸ್ಟೋರ್ಸ್‌ನಲ್ಲೇ ಇತ್ತು. ಕೊಟೇಷನ್ ಸಾಲದು ಅಂತ ಪಕ್ಕಕ್ಕಿಟ್ಟಿದ್ದರು. ಪೇಪರ್ ರೋಲ್‌ಗೆ ಕೊಟೇಷನ್!

ತಿಂಗಳ ಕೊನೆಯ ವ್ಯತ್ಯಾಸ ಅಂದರೆ ಈ ಕೈಬರಹದ ಚೀಟಿಗಳೇ. ಹಾಗಾದರೆ ಪಾಡ್ಯದ ದಿನ? ಕೇಳಿದೆ. ಹುಡುಗಿ ಸೀಲ್ ಒತ್ತುವುದನ್ನು ನಿಲ್ಲಿಸಲಿಲ್ಲ. "ಅವತ್ತು ಬಾಗಿಲೇ ತೆಗ್ದಿರ್ಲಿಲ್ಲ ಮೇಡಂ. ಬರೀ ಅಂದ್ರು, ಬರೆದೆ."

ಅಂದರೆ ನನ್ನ ಅನುಮಾನ ಒಂದು ದಿನದ ಮಟ್ಟಿಗೆ ನೂರಕ್ಕೆ ನೂರು ಸರಿ. ಆ ಒಂದು ದಿನಕ್ಕಾಗಿ ತಿಂಗಳಿಡೀ ನಿಜವಾಗಿ ಉಂಡವರ ದುಡ್ಡನ್ನೂ ಹಿಡಿದಿದ್ದೆ. ಕಾರ್ಡಿನ ಅಕ್ಕಿ ಇದೆಯಲ್ಲ, ಯಾಕೆ ಇಷ್ಟು ಗಲಾಟೆ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ಅಕ್ಕಿ ಹಳ್ಳಿ ಮನೆಯಲ್ಲಿರುತ್ತೆ ಸಾರ್, ಹಮಾಲ ಇಲ್ಲಿ ಚೀಲ ಹೊರ್ತಿರ್ತಾನೆ.

ಮಾರನೇ ದಿನ ಟಿಪ್ಪಣಿ ತಿದ್ದಿ ಮಂಡಿಸಿದೆ. ಮಷಿನ್‌ನಲ್ಲಿರುವ ಪ್ಲೇಟುಗಳಿಗೆ ತಕ್ಷಣ ಪಾವತಿ. ಕೈಬರಹದ ಟೋಕನ್‌ಗಳಿಗೆ ಹೆಲ್ತ್ ಇನ್ಸ್‌ಪೆಕ್ಟರ್ ಎಣಿಸಿ ಕೊಟ್ಟ ಮೇಲೆ. ಪಾಡ್ಯದ್ದು ಪೂರ್ತಿ ಕಡಿತ, ಮೇಲೆ ನೋಟಿಸ್. ಮೊದಲೇ ಹೀಗೆ ಬರೆಯೋಕೆ ಯಾವ ರೂಲ್ಸೂ ಅಡ್ಡ ಇರಲಿಲ್ಲ. ಈಗ ಯಾವ ಬಿಲ್ಲಿಗೂ ಹೀಗೇ ಮಾಡ್ತೀನಿ: ತಕರಾರಿಲ್ಲದ ಮೊತ್ತ ಮೊದಲು ಹೊರಗೆ, ತಕರಾರಿನದ್ದಕ್ಕೆ ಬೇರೆ ಪ್ಯಾರಾ. ಊಟದ ಬಿಲ್ಲಾದರೆ ಊಟದ ಹೊತ್ತಿಗೆ ಒಂದು ಸಲ ಹೋಗಿ ನಿಂತು ಬರ್ತೀನಿ. ಸಾಹೇಬರು ಈ ಹೊಸ ಟಿಪ್ಪಣಿಯನ್ನು ಮಾತ್ರ ಪೂರ್ತಿ ಓದಿದರು. ದುಡ್ಡು ಬಿಡುಗಡೆ ಮಾಡೋದಲ್ವಾ!

ಆಡಿಟ್‌ನವರು ಬಂದಾಗ ಕೈಬರಹದ ಟೋಕನ್‌ಗಳಿಗೆ ಆಕ್ಷೇಪಣೆ ಹಾಕಿದರು. ಮಷಿನ್ ಟೋಕನ್ ಮಾತ್ರ ಮಾನ್ಯವಂತೆ. ಸರಿ ಅಂತ ಮಷಿನ್ ಟೋಕನ್ ಕಂತೆ ಬಿಚ್ಚಿದೆವು. ಥರ್ಮಲ್ ಪೇಪರ್, ಬೇಸಿಗೆಯಲ್ಲಿ ಗೋಡೌನ್‌ನಲ್ಲಿ ಬಿದ್ದಿತ್ತು. ಒಂದರಲ್ಲೂ ಅಕ್ಷರ ಉಳಿದಿರಲಿಲ್ಲ. ಆ ಹುಡುಗಿ ಬಾಲ್‌ಪೆನ್‌ನಲ್ಲಿ ಬರೆದದ್ದು ಮಾತ್ರ ಚೆನ್ನಾಗಿ ಓದೋಕೆ ಬರುತ್ತಿತ್ತು. ಎರಡಕ್ಕೂ ಸೇರಿಸಿ ಒಂದೇ ಆಕ್ಷೇಪಣೆ ಪ್ಯಾರಾ ಹಾಕಿ ಹೋದರು, ಅದಕ್ಕೆ ನಾವು ಉತ್ತರ ಕೊಡಬೇಕಾದ ಅನುಪಾಲನಾ ವರದಿ ಇನ್ನೂ ನನ್ನ ಟೇಬಲ್ ಮೇಲಿದೆ.