ನನ್ನ ಕೈಬರಹದಲ್ಲೇ ಇದ್ದ ಕೆಂಪು ಡೀಸೆಲ್

ಟೆಕ್ಸಾಸ್‌ನಲ್ಲಿ ಗಿಡಗಂಟಿ ಕಿತ್ತು ಜಮೀನು ಹಸನು ಮಾಡಿಕೊಡುವ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳದ ಪಟ್ಟಿ, ವಿಮೆ, ಗಾಡಿಗಳ ನೋಂದಣಿ, ಡೀಸೆಲ್ ರಿಜಿಸ್ಟರ್ ಎಲ್ಲವೂ ನನ್ನ ಮೇಜಿನ ಮೇಲೆಯೇ. ಕಂಪನಿಯ ಅಂಗಳದಲ್ಲಿ ಎರಡು ದೊಡ್ಡ ಟ್ಯಾಂಕುಗಳಿವೆ. ಒಂದರಲ್ಲಿ ರಸ್ತೆಗಿಳಿಯುವ ಗಾಡಿಗಳ ತಿಳಿ ಡೀಸೆಲ್, ಇನ್ನೊಂದರಲ್ಲಿ ಬುಲ್‌ಡೋಜರ್, ಎಕ್ಸ್‌ಕವೇಟರ್‌ಗಳಿಗೆ ಹಾಕುವ ಕೆಂಪು ಡೀಸೆಲ್. ಕೆಂಪು ಟ್ಯಾಂಕಿನ ಮೇಲೆ ಒಂದು ಬೋರ್ಡು ಇದೆ: ತೆರಿಗೆ ಇಲ್ಲದ ಬಳಕೆಗೆ ಮಾತ್ರ, ತೆರಿಗೆ ಬೀಳುವ ಕಡೆ ಬಳಸಿದರೆ ದಂಡ. ಆ ಬೋರ್ಡಿನ ಮುಂದೆ ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದೆ. ಆದರೂ ತಪ್ಪು ನಡೆದದ್ದು ನನ್ನ ಕಣ್ಣೆದುರಿಗೇ, ನನ್ನ ಪುಸ್ತಕದಲ್ಲೇ.

ಊರಿನವರಿಗೆ ಈ ಕೆಂಪು ಬಣ್ಣದ ಸಂಗತಿ ಹೇಳುವಾಗ ನಾನು ರೇಷನ್ ಸೀಮೆಎಣ್ಣೆಯಿಂದ ಶುರು ಮಾಡುತ್ತೇನೆ. ತಿಪಟೂರಿನಲ್ಲಿ ಕ್ಯಾನು ಹಿಡಿದು ನ್ಯಾಯಬೆಲೆ ಅಂಗಡಿ ಮುಂದೆ ಸಾಲಿನಲ್ಲಿ ನಿಂತಾಗ ಸಿಗುತ್ತಿದ್ದದ್ದು ನೀಲಿ ಎಣ್ಣೆ. ಹೊರಗೆ ಹೆಚ್ಚಿನ ಬೆಲೆಗೆ ಸಿಗುತ್ತಿದ್ದದ್ದು ಬಿಳಿಯದು. ಎಣ್ಣೆ ಒಂದೇ, ಬಣ್ಣ ಮಾತ್ರ ಬೇರೆ. ಬಡವರ ಒಲೆಗೆಂದು ಅಗ್ಗಕ್ಕೆ ಕೊಟ್ಟದ್ದು ಲಾರಿ ಟ್ಯಾಂಕ್ ಸೇರಬಾರದು, ಸೇರಿದರೆ ಕಣ್ಣಿಗೆ ಬೀಳಬೇಕು ಎಂದೇ ಆ ನೀಲಿ. ಅಮೆರಿಕದ ಕೆಂಪು ಡೀಸೆಲ್ಲೂ ಅದೇ ಲೆಕ್ಕದ್ದು. ಡೀಸೆಲ್ ಮೇಲೆ ಕೇಂದ್ರ ಸರ್ಕಾರದ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್. 1993ರಿಂದ ಅದು ಏರಿಲ್ಲ. ಟೆಕ್ಸಾಸ್ ರಾಜ್ಯದ್ದು ಮತ್ತೆ 20 ಸೆಂಟ್. ಕೇಂದ್ರದ ತೆರಿಗೆಯಲ್ಲಿ ಬಹುಪಾಲು ಹೆದ್ದಾರಿ ನಿಧಿಗೆ ಹೋಗುತ್ತದೆ. ಹೊಲದಲ್ಲಿ ಉಳುವ ಟ್ರ್ಯಾಕ್ಟರ್ ಹೆದ್ದಾರಿ ಸವೆಸುವುದಿಲ್ಲ, ಹಾಗಾಗಿ ಅದರ ಡೀಸೆಲ್‌ಗೆ ಈ ತೆರಿಗೆ ಇಲ್ಲ. ತೆರಿಗೆ ಕಟ್ಟದ ಆ ಡೀಸೆಲ್‌ಗೆ 1994ರಿಂದ ಕೆಂಪು ಬಣ್ಣ ಬೆರೆಸುತ್ತಾರೆ. ಬಣ್ಣದ ಹೆಸರು ಸಾಲ್ವೆಂಟ್ ರೆಡ್ 164. ಅದಕ್ಕೂ ಮುಂಚೆ ಕಾಗದದ ಮೇಲೆ ಒಬ್ಬರಿಂದ ಒಬ್ಬರಿಗೆ ಮಾರಿದಂತೆ ತೋರಿಸಿ, ನಡುವೆ ತೆರಿಗೆಯನ್ನೇ ಮಾಯ ಮಾಡುವ ದೊಡ್ಡ ದೊಡ್ಡ ವಂಚನೆಗಳು ನಡೆದಿದ್ದವು.

ಈಗ ಲಾರಿಯ ವಿಷಯ. ನಮ್ಮ ಮಾಲೀಕರು ಸೇನೆಯ ಹರಾಜಿನಲ್ಲಿ ಎರಡು ಎಂ35ಎ2 ಲಾರಿ ಹಿಡಿದರು. ಇಲ್ಲಿನವರು ಅದನ್ನು ಪ್ರೀತಿಯಿಂದ ‘ಡ್ಯೂಸ್ ಅಂಡ್ ಎ ಹಾಫ್’ ಅಂತಾರೆ, ಎರಡೂವರೆ ಟನ್ನಿನದು ಎಂಬ ಅರ್ಥದಲ್ಲಿ. ಮೂರು ಆಕ್ಸಲ್, ಆರೂ ಕಡೆ ಎಳೆತ, ಕೆಸರಿನಲ್ಲಿ ಆನೆಯ ಹಾಗೆ ನಡೆಯುತ್ತದೆ. ಇದರ ಎಂಜಿನ್ನಿಗೆ ಮಲ್ಟಿಫ್ಯೂಯೆಲ್ ಎಂದೇ ಹೆಸರು. ಯುದ್ಧಭೂಮಿಯಲ್ಲಿ ಸಿಕ್ಕಿದ್ದನ್ನು ಕುಡಿದು ಓಡಬೇಕು ಎಂದು ಮಾಡಿದ್ದು. ಡೀಸೆಲ್ ಆಗಲಿ, ಜೆಟ್ ಇಂಧನ ಆಗಲಿ, ತೀರಾ ಗತಿಯಿಲ್ಲದಿದ್ದರೆ ಪೆಟ್ರೋಲ್ ಆಗಲಿ, ಯಾವುದು ನಡೆಯುತ್ತದೆ ಎಂದು ಲೋಹದ ಫಲಕದಲ್ಲಿ ಕೊರೆದು ಡ್ಯಾಶ್‌ಬೋರ್ಡಿಗೆ ಜಡಿದಿದ್ದಾರೆ.

ಆ ಫಲಕವೇ ಬಹಳ ಜನರ ದಾರಿ ತಪ್ಪಿಸುವುದು. ಎಂಜಿನ್ ಏನು ಅರಗಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ರಸ್ತೆಯ ಮೇಲೆ ಯಾವುದನ್ನು ಸುಡಬಹುದು ಎಂದು ಹೇಳುವುದು ತೆರಿಗೆಯ ಕಾಯ್ದೆ. ಕಾಯ್ದೆಗೆ ನಿಮ್ಮ ಎಂಜಿನ್ನಿನ ತಾಕತ್ತು ಬೇಕಿಲ್ಲ, ಚಕ್ರ ಎಲ್ಲಿ ಉರುಳುತ್ತಿದೆ ಎಂಬುದಷ್ಟೇ ಬೇಕು.

ಒಂದು ಲಾರಿಯ ಬೆನ್ನಿಗೆ ನೀರಿನ ಟ್ಯಾಂಕ್ ಕೂರಿಸಿದೆವು. ಜಮೀನಿನ ಧೂಳಿಗೆ ನೀರು ಹಾಯಿಸಲು, ಒಣಹುಲ್ಲಿಗೆ ಕಿಡಿ ತಾಗಿದರೆ ಆರಿಸಲು. ಮೊದಲ ವರ್ಷ ಅದು ಒಂದೇ ಜಮೀನಿನ ಬೇಲಿಯೊಳಗೆ ಇತ್ತು, ಕೆಂಪು ಡೀಸೆಲ್ ಹಾಕಿದೆವು, ಅದರಲ್ಲಿ ತಪ್ಪೇನಿರಲಿಲ್ಲ. ಎರಡನೇ ವರ್ಷ ಮಾಲೀಕರು ಹರಾಜಿನಲ್ಲಿ ಬಂದಿದ್ದ ಎಸ್‌ಎಫ್-97 ಎಂಬ ಸರ್ಕಾರಿ ಪತ್ರ ಕೊಟ್ಟು ಒಡೆತನದ ಟೈಟಲ್ ಮಾಡಿಸಿ, ನಂಬರ್ ಪ್ಲೇಟ್ ತರಿಸಿದರು. ಅರ್ಜಿ ತುಂಬಿದ್ದು ನಾನು. ಪ್ಲೇಟಿನ ಲಕೋಟೆ ಒಡೆದದ್ದೂ ನಾನು. ಅದೇ ವಾರ ಡೀಸೆಲ್ ರಿಜಿಸ್ಟರಿನಲ್ಲಿ ‘ನೀರಿನ ಲಾರಿ, ಕೆಂಪು, 38 ಗ್ಯಾಲನ್’ ಎಂದು ಬರೆದದ್ದೂ ನಾನೇ. ಎರಡು ಫೈಲು ಒಂದೇ ಡ್ರಾಯರಿನಲ್ಲಿದ್ದವು. ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತು ಮೈಲಿ ದೂರದ ಇನ್ನೊಂದು ಜಮೀನಿಗೆ ನೀರಿನ ಲಾರಿ ಬೇಕಾಯಿತು. ಚಾಲಕ ಹಳ್ಳಿ ರಸ್ತೆ ಹಿಡಿದ. ತಿರುವಿನಲ್ಲಿ ತಪಾಸಣೆಯವರು ನಿಂತಿದ್ದರು. ಹಸಿರು ಬಣ್ಣದ ಸೇನೆಯ ಲಾರಿ ದೂರದಿಂದಲೇ ಎದ್ದು ಕಾಣುವುದರಿಂದಲೋ ಏನೋ, ಕೈ ತೋರಿಸಿದರು. ಚಾಲಕ ನನಗೆ ಫೋನ್ ಮಾಡಿದ. ನಾನು ಕಾಗದಪತ್ರ ಹಿಡಿದು ಅಲ್ಲಿಗೆ ಹೋದೆ, ಹಾಗಾಗಿ ಮುಂದಿನದನ್ನು ಕಣ್ಣಾರೆ ಕಂಡಿದ್ದೇನೆ. ಅಧಿಕಾರಿ ಟ್ಯಾಂಕಿನ ಮುಚ್ಚಳ ತೆಗೆದು ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟರು. ಕೈಪಂಪು ಎರಡು ಸಲ ಎಳೆದರು. ಅಂಗೈಯಗಲದ ಗಾಜಿನ ಸೀಸೆಗೆ ಡೀಸೆಲ್ ಬಂತು. ಸೀಸೆಯನ್ನು ಬಿಳಿ ಕಾಗದದ ಮುಂದೆ ಹಿಡಿದರು. ದಟ್ಟ ಕೆಂಪೇನೂ ಇರಲಿಲ್ಲ. ಆರತಿ ತಟ್ಟೆಯ ಓಕುಳಿಗೆ ಇನ್ನೆರಡು ಚೊಂಬು ನೀರು ಸುರಿದರೆ ಹೇಗಿರುತ್ತದೋ ಹಾಗೆ, ತೆಳುವಾಗಿ. ಚಾಲಕನ ಮುಖ ನೋಡಲಾಗಲಿಲ್ಲ. ಮೊದಲು ಕೇಳಿದ್ದೇ ‘ನನ್ನನ್ನು ಒಳಗೆ ಹಾಕುತ್ತಾರಾ’ ಎಂದು.

ಬಣ್ಣ ತೆಳುವಾಗಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ನಮ್ಮ ಮೆಕ್ಯಾನಿಕ್‌ಗೆ ಹಿಂದಿನ ವಾರವೇ ಅನುಮಾನ ಬಂದು, ಕೆಂಪು ಡೀಸೆಲ್ ಇಳಿಸಿ ತಿಳಿ ಡೀಸೆಲ್ ತುಂಬಿದ್ದ. ಆದರೆ ಟ್ಯಾಂಕಿನ ತಳದಲ್ಲಿ ಉಳಿದದ್ದು, ಫಿಲ್ಟರ್ ಡಬ್ಬಿಗಳಲ್ಲಿ ನಿಂತದ್ದು, ಪೈಪುಗಳಲ್ಲಿದ್ದದ್ದು ಹಾಗೇ ಇತ್ತು. ಎಂಜಿನ್ ಓಡಿದಂತೆ ರಿಟರ್ನ್ ಪೈಪಿನಿಂದ ಅದೆಲ್ಲ ಟ್ಯಾಂಕಿಗೆ ಬಂದು ಬೆರೆಯಿತು. ಈ ಬಣ್ಣ ಹಠಮಾರಿ, ಬಟ್ಟೆಗೆ ಹತ್ತಿದ ಅರಿಶಿನದ ಹಾಗೆ. ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಅರ್ಧ ಮಾಡಿದ್ದ, ನನಗೆ ಹೇಳಿರಲಿಲ್ಲ.

ಆಫೀಸಿನಲ್ಲಿ ಎರಡು ದಿನ ಇದೇ ಮಾತು. ಒಬ್ಬರು ಹೇಳಿದರು, ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಯೂ ಕೆಂಪೇ, ಅದನ್ನು ಬೆರೆಸಿದ್ದೆವು ಎನ್ನೋಣ. ನಾನು ಒಪ್ಪಲಿಲ್ಲ. ಮೊದಲನೆಯದಾಗಿ ಅದು ಸುಳ್ಳು. ಮಲ್ಟಿಫ್ಯೂಯೆಲ್ ಲಾರಿ ಇಟ್ಟುಕೊಂಡವರಲ್ಲಿ ಹಳೇ ಎಂಜಿನ್ ಆಯಿಲ್, ಎಟಿಎಫ್, ಕರಿದ ಎಣ್ಣೆ ಸೋಸಿ ಹಾಕುವವರು ಇದ್ದಾರೆ, ನಿಜ. ಆದರೆ ರಸ್ತೆಯಲ್ಲಿ ಓಡುವ ಗಾಡಿಗೆ ಇಂಧನವಾಗಿ ಹಾಕಿದರೆ ಆ ಎಣ್ಣೆಗೂ ತೆರಿಗೆ ಕಟ್ಟಬೇಕು ಎಂಬುದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇನ್ನೊಬ್ಬರು 2017ರ ಹಾರ್ವಿ ಚಂಡಮಾರುತ ನೆನಪಿಸಿದರು. ಆಗ ಟೆಕ್ಸಾಸ್‌ನಲ್ಲಿ ಡೀಸೆಲ್ ಅಭಾವವಾಗಿ ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್ ದಂಡ ಮನ್ನಾ ಮಾಡಿತ್ತು, ಕೆಂಪು ಡೀಸೆಲ್ ಹಾಕಿ ರಸ್ತೆಯಲ್ಲಿ ಓಡಿಸಬಹುದಿತ್ತು. ಆ ಮನ್ನಾ ಕೆಲವೇ ವಾರಗಳದ್ದು, ಆಗಲೂ 24.4 ಸೆಂಟ್ ತೆರಿಗೆ ಕಟ್ಟಲೇಬೇಕಿತ್ತು. ಜನ ಮನ್ನಾ ನೆನಪಿಟ್ಟುಕೊಂಡು ಷರತ್ತು ಮರೆತಿದ್ದಾರೆ.

ದಂಡದ ಲೆಕ್ಕ ಹೀಗೆ. ಕೇಂದ್ರದ ಕಾಯ್ದೆಯ 6715ನೇ ಸೆಕ್ಷನ್ ಪ್ರಕಾರ 1,000 ಡಾಲರ್, ಇಲ್ಲವೇ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅದು. ಎಂ35ಎ2 ಟ್ಯಾಂಕು 50 ಗ್ಯಾಲನ್ನಿನದು, ತುಂಬಿದ್ದರೂ 500 ಆಗುತ್ತದೆ, ಹಾಗಾಗಿ 1,000. ಟ್ಯಾಂಕ್ ತುಂಬ ಕೆಂಪು ಹಾಕಿದ್ದರಿಂದ ಉಳಿಯುವ ತೆರಿಗೆ ಎಷ್ಟು ಗೊತ್ತೇ? ಕೇಂದ್ರ, ರಾಜ್ಯ ಎರಡೂ ಸೇರಿ ಸುಮಾರು 22 ಡಾಲರ್. ಎರಡನೇ ಸಲ ಸಿಕ್ಕಿಬಿದ್ದರೆ ಆ 1,000 ಎರಡು ಸಾವಿರವಾಗುತ್ತದೆ, ಮೂರನೇ ಸಲ ಮೂರು ಸಾವಿರ. ಮೂರನೆಯದರಿಂದ ಮುಂದೆ ಇಲಾಖೆಯೊಳಗೆ ಮೇಲ್ಮನವಿಯ ಹಾದಿಯೂ ಹೆಚ್ಚುಕಡಿಮೆ ಮುಚ್ಚುತ್ತದೆ. ರಾಸಾಯನಿಕ ಪರೀಕ್ಷೆಯಲ್ಲಿ ಮೋಸವೋ ತಪ್ಪೋ ಆಗಿದೆ, ಇಲ್ಲವೇ ಲೆಕ್ಕ ತಪ್ಪಿದೆ ಎಂದಷ್ಟೇ ತಕರಾರು ತೆಗೆಯಬಹುದು. ಮಾದರಿ ತೆಗೆಯಲು ಬಿಡುವುದಿಲ್ಲ ಎಂದರೆ ಅದಕ್ಕೇ ಬೇರೆ ದಂಡ. ಬಣ್ಣವನ್ನು ಬೇಕೆಂದೇ ತೆಳುಮಾಡುವುದು, ತೆಗೆಯುವುದು ಇನ್ನೊಂದು ಅಪರಾಧ. ರಾಜ್ಯದವರ ದಂಡ ಇದೆಲ್ಲದರ ಮೇಲೆ ಬೇರೆ.

ನನ್ನ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಆ ಸೆಕ್ಷನ್ನಿನ ಎರಡು ಮಾತು. ಒಂದು, ‘ಗೊತ್ತಿತ್ತು, ಅಥವಾ ಗೊತ್ತಾಗಲು ಕಾರಣವಿತ್ತು’ ಎಂಬುದು. ಗೊತ್ತಾಗಲು ಕಾರಣ ನನ್ನ ಕೈಬರಹದಲ್ಲೇ ಇತ್ತು, ಹದಿನಾಲ್ಕು ಸಾಲು. ಇನ್ನೊಂದು, ಕಂಪನಿಗೆ ದಂಡ ಬಿದ್ದಾಗ ತಿಳಿದೂ ತಿಳಿದೂ ಅದರಲ್ಲಿ ಕೈಜೋಡಿಸಿದ ಅಧಿಕಾರಿ, ನೌಕರ, ಏಜೆಂಟ್ ಎಲ್ಲರೂ ಕಂಪನಿಯ ಜೊತೆಗೆ ಹೊಣೆ ಎಂಬುದು. ಇದನ್ನು ಓದಿದ ಮಾಲೀಕರು ದಂಡವನ್ನು ಚಾಲಕನ ಸಂಬಳದಲ್ಲಿ ಮುರಿದುಕೊಳ್ಳಬಹುದಲ್ಲ ಎಂದು ಯೋಚಿಸಿದರು. ನಾನು ರಿಜಿಸ್ಟರ್ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಬಿಡಿಸಿಟ್ಟೆ. ಚಾಲಕ ನಾವು ತೋರಿಸಿದ ನಾಜಲ್‌ನಿಂದ ತುಂಬಿಸಿದ, ನಾವು ಹೇಳಿದ ರಸ್ತೆಯಲ್ಲಿ ಹೋದ. ಕಾಗದ ಎಲ್ಲ ಇದ್ದದ್ದು ನನ್ನ ಬಳಿ, ಸಹಿ ಇದ್ದದ್ದು ನಿಮ್ಮದು, ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕಂಪನಿಯ ಚೆಕ್ಕೇ ಹೋಯಿತು. ಆ ದಿನ ಅಷ್ಟು ಹೇಳಿದ್ದಕ್ಕೆ ಇವತ್ತಿಗೂ ನನಗೆ ಸಮಾಧಾನವಿದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಪ್ಲೇಟ್ ಇರುವ ಯಾವ ಗಾಡಿಯ ಹೆಸರೂ ಕೆಂಪು ಪುಟದಲ್ಲಿ ಬರುವಂತಿಲ್ಲ. ಬಂದರೆ ಆ ಗಾಡಿ ಅವತ್ತು ಗೇಟು ದಾಟುವುದಿಲ್ಲ. ಹೊಸ ಪ್ಲೇಟ್ ಬಂದ ದಿನವೇ ಟ್ಯಾಂಕ್ ಕೆಳಗಿಳಿಸಿ ತೊಳೆದು, ಫಿಲ್ಟರ್‌ಗಳನ್ನೆಲ್ಲ ಬದಲಿಸಿ, ಪೈಪುಗಳಿಗೆ ತಿಳಿ ಡೀಸೆಲ್ ಹಾಯಿಸಿ, ಎರಡು ದಿನ ಓಡಿಸಿದ ಮೇಲೆ ಗಾಜಿನ ಬಾಟಲಿಯಲ್ಲಿ ಮಾದರಿ ತೆಗೆದು ನೋಡುತ್ತೇವೆ. ಕೆಂಪು ಹಾಕಿದ ಲಾರಿ ಬೇರೆ ಜಮೀನಿಗೆ ಹೋಗಬೇಕಾದರೆ ಲೋಬಾಯ್ ಎಂಬ ತಗ್ಗು ಟ್ರೈಲರಿನ ಮೇಲೆ ಹೋಗುತ್ತದೆ, ತನ್ನ ಚಕ್ರದ ಮೇಲಲ್ಲ. ಬಾಡಿಗೆ ಜಾಸ್ತಿ ಎಂದು ಮಾಲೀಕರು ಗೊಣಗುತ್ತಾರೆ. ಗೊಣಗಲಿ.

ಒಂದು ಆಸೆ ನನಗೂ ಇತ್ತು: ತಿಳಿ ಡೀಸೆಲ್ಲೇ ಹಾಕಿ, ಜಮೀನಿನೊಳಗೆ ಸುಟ್ಟಷ್ಟಕ್ಕೆ ಫಾರ್ಮ್ 4136ರಲ್ಲಿ ತೆರಿಗೆ ವಾಪಸ್ ಕೇಳೋಣ ಎಂದು. ಬುಲ್‌ಡೋಜರಿಗೆ ತಪ್ಪಿ ತಿಳಿ ಡೀಸೆಲ್ ಹಾಕಿದಾಗ ಹಾಗೆ ಕೇಳಿದ್ದುಂಟು, ಸಿಕ್ಕಿದ್ದೂ ಉಂಟು. ಆದರೆ ನಮ್ಮಂಥ ವ್ಯಾಪಾರದ ಗಾಡಿಗೆ, ರಸ್ತೆಗೆಂದು ನೋಂದಾಯಿಸಿದ ಮೇಲೆ, ಅದು ಜಮೀನಿನಲ್ಲಿ ಎಷ್ಟೇ ತಿರುಗಿದರೂ ಆ ವಾಪಸಿ ಇಲ್ಲ. ಅದೇ ಟ್ಯಾಂಕಿನಿಂದ ನೀರಿನ ಪಂಪು ತಿರುಗಿಸಿದ್ದಕ್ಕೂ ಇಲ್ಲ. ಇನ್ನೊಂದು ಸಂಗತಿ, ಈ ಲಾರಿಗೆ ಮೂರು ಆಕ್ಸಲ್ ಇರುವುದರಿಂದ, ತೂಕ ಎಷ್ಟೇ ಇರಲಿ, ವ್ಯಾಪಾರಕ್ಕೆಂದು ಒಕ್ಲಹೋಮದ ಗಡಿ ದಾಟಿದರೆ ಐಎಫ್‌ಟಿಎ ಎಂಬ ಅಂತರರಾಜ್ಯ ಇಂಧನ ತೆರಿಗೆಯ ಲೆಕ್ಕಕ್ಕೂ ಸೇರುತ್ತದೆ. ಸೇನೆಯ ಹಳೇ ಲಾರಿ ಕೊಳ್ಳುವವರು ಟೈರಿನ ದರ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ಹೋದ ಶನಿವಾರ ಧಾರವಾಡದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಡಲ್ಲಾಸ್ ಹೊರವಲಯದಲ್ಲಿ ಐದು ಎಕರೆ ಮಾಡಿಕೊಂಡಿದ್ದಾನೆ, ಹವ್ಯಾಸಕ್ಕೆ ಒಂದು ಎಂ35ಎ2 ತಂದಿದ್ದಾನೆ.

‘ಅಕ್ಕಾರ, ಇದಕ್ಕ ಏನ್ ಹಾಕಿದ್ರೂ ಓಡ್ತದಂತ. ಪಕ್ಕದ ಹೊಲದವ್ರು ಕೆಂಪ್ ಡೀಸೆಲ್ ಕೊಡ್ತೀನಿ ಅಂದಾರ. ಹಳೇ ಗಾಡಿ ಅಂತ ಆಂಟಿಕ್ ಪ್ಲೇಟ್ ತಗೊಂಡೀನಿ, ನಡೀತದಲ್ಲ?’

ಆಂಟಿಕ್ ಪ್ಲೇಟ್ ಇದ್ದರೂ ರಸ್ತೆ ರಸ್ತೆಯೇ ಅಪ್ಪಾ, ಮೊದಲು ಈಗ ಟ್ಯಾಂಕಿನಲ್ಲಿ ಏನಿದೆ ನೋಡು ಎಂದೆ. ತೊಳೆದ ಉಪ್ಪಿನಕಾಯಿ ಬಾಟಲಿಗೆ ಸ್ವಲ್ಪ ತೆಗೆದು, ಬಿಳಿ ಹಾಳೆಯ ಮುಂದಿಟ್ಟು ಫೋಟೋ ಕಳಿಸು ಎಂದೆ. ಹತ್ತು ನಿಮಿಷಕ್ಕೆ ಫೋಟೋ ಬಂತು. ಅದೇ ತೆಳು ಓಕುಳಿ. ಹಿಂದಿನ ಮಾಲೀಕ ಬಿಟ್ಟುಹೋದದ್ದು.

‘ನಾ ಹಾಕೇ ಇಲ್ಲಲ್ರೀ ಅಕ್ಕಾರ’ ಎಂದ.

‘ಹಾಕಿದವರು ಯಾರು ಅಂತ ಸೀಸೆ ಹೇಳಲ್ಲ. ಈಗ ನೋಡಿದ್ದೀಯ, ಅಲ್ಲಿಗೆ ನಿನಗೂ ಗೊತ್ತಾದಂತಾಯಿತು. ಟ್ಯಾಂಕ್ ಇಳಿಸೋವರೆಗೂ ಗೇಟ್ ದಾಟಿಸಬೇಡ.’

ಈ ಭಾನುವಾರ ಇಳಿಸುತ್ತಾನಂತೆ. ಫಿಲ್ಟರ್‌ಗಳು ಬಂದಿವೆ. ಇಳಿಸಿದ ಡೀಸೆಲ್ ಪಕ್ಕದ ಹೊಲದವರ ಟ್ರ್ಯಾಕ್ಟರಿಗೆ ಹೋಗುತ್ತದೆ.